ನಾರ್ವೆಯಲ್ಲಿ ದಣಿದ ಬ್ಯಾಟರಿ ಹುಡುಕಿದ್ದು

ಪಣಕಹಳ್ಳಿ

ನಾರ್ವೆಯಲ್ಲಿ ಏನೇನು ನೋಡಿದೆ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಒಂದು ಪರೀಕ್ಷಾ ಕೊಠಡಿ, ಮತ್ತು ಕುರಿ ಸಾಕುವವರ ಒಂದು ಮನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಹಿಮ ಇತ್ತೇ? ದೂರದ ಬೆಟ್ಟದ ನೆತ್ತಿಯ ಮೇಲೆ ಇತ್ತು. ಸಮುದ್ರ? ಬಸ್ಸಿನ ಕಿಟಕಿಯಿಂದ ದಿನಕ್ಕೆ ಎರಡು ಸಲ ಕಾಣುತ್ತಿತ್ತು. ನಾನು ಹೋದದ್ದು ದೂರವಾಣಿ ಇಲಾಖೆಯ ಕೆಲಸಕ್ಕೆ. ಇಪ್ಪತ್ತು ರೇಡಿಯೊ ಪೆಟ್ಟಿಗೆಗಳನ್ನು ಅವು ತಯಾರಾದ ಕಾರ್ಖಾನೆಯಲ್ಲೇ ಪರೀಕ್ಷಿಸಿ, ಸರಿಯಾಗಿವೆ ಎಂದು ಸಹಿ ಹಾಕಿ ಬರಬೇಕಿತ್ತು. ಬೆಟ್ಟದ ಊರುಗಳಿಗೆ ತಂತಿಯಿಲ್ಲದೆ ಟೆಲಿಫೋನು ಕೊಡುವ ಪೆಟ್ಟಿಗೆಗಳು ಅವು. ಇಪ್ಪತ್ತರಲ್ಲಿ ಒಂದು ನಮ್ಮ ತಾಳವಾಡಿಗೆ.

ತಾಳವಾಡಿಗೆ ಟೆಲಿಫೋನು ಮೊದಲೇ ಇತ್ತು. ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ, ಕಾಡಿನ ನಡುವೆ ಕಂಬದಿಂದ ಕಂಬಕ್ಕೆ ಎರಡು ತಾಮ್ರದ ತಂತಿ ಬರುತ್ತಿದ್ದವು. ಆ ಕಂಬಗಳಿಗೆ ಆನೆಗಳು ಮೈ ಉಜ್ಜುತ್ತಿದ್ದವು. ತಿಂಗಳಲ್ಲಿ ಎಷ್ಟು ದಿನ ಮಾತು ದಾಟುತ್ತದೆ ಎಂಬುದು ಆನೆಗಳ ಮೈನವೆಗೆ ಬಿಟ್ಟ ವಿಷಯವಾಗಿತ್ತು. ನನ್ನ ಅತ್ತಿಗೆಗೆ ಹೆರಿಗೆ ನೋವು ಬಂದ ದಿನ ತಂತಿ ನೆಲದ ಮೇಲಿತ್ತು. ಅಣ್ಣ ಸೈಕಲ್ ತುಳಿದು ಹೋಗಿ ಜೀಪು ಕರೆತರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಅದರ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಹೊರಡುವ ಹಿಂದಿನ ದಿನ ಲೈನ್‌ಮನ್ ಮಾದಣ್ಣ, ತಾಳವಾಡಿ ಪಕ್ಕದ ಪಣಕಹಳ್ಳಿಯ ನಮ್ಮ ಮನೆಗೆ ಬಂದ. ಬಿದ್ದ ಆ ತಂತಿಯನ್ನು ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಎತ್ತಿ ಕಟ್ಟುತ್ತಿರುವವನು ಅವನು. ಜಗಲಿಯ ಅಂಚಿಗೆ ಕೂತು, "ಆನೆಗೆ ಬೆನ್ ಕಡುದ್ರೆ ನಮ್ ಕಂಬನೇ ಆಗ್ಬೇಕು ಕಣವ್ವ. ಕಾಡ್ ತುಂಬ ಮರ ಅವೆ, ಒಂದ್ಕೂ ಒರಗಲ್ಲ. ಆನೆ ಒರಗ್ದೆ ಇರೋ ಕಂಬ ಆ ದೇಸ್ದಲ್ಲಿದ್ರೆ ಒಂದ್ ತಕೊಂಡ್ ಬನ್ನಿ" ಎಂದ.

ಅಪ್ಪ ರಾಗಿ ಚೀಲದ ಬಾಯಿ ಹೊಲಿಯುತ್ತಿದ್ದರು. ತಲೆ ಎತ್ತದೆ, "ಕಂಬನೇ ಇರಕಿಲ್ವಂತೆ ಕಣ್ಲಾ ಮಾದ. ಗಾಳೀಲೇ ಮಾತು ಓಯ್ತದಂತೆ" ಎಂದರು.

"ಗಾಳೀಲಿ ಓದ ಮಾತು ಯಾರ್ ಕೈಗೆ ಸಿಕ್ತದೆ ಬುದ್ದಿ? ಕಂಬ ಬಿದ್ರೆ ನಾ ಎತ್ತಿ ನಿಲ್ಲಿಸ್ತೀನಿ. ಈ ಪೆಟ್ಗೆ ಕೆಟ್ರೆ?"

ಎಲ್ಲರೂ ನಕ್ಕರು. ಆದರೆ ಅದು ಎಂಜಿನಿಯರು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ರೇಡಿಯೊ ಕೂರಿಸಿದ ತಿಂಗಳೊಳಗೆ ಕಾಡಿನ ತಾಮ್ರದ ತಂತಿಯನ್ನು ಬಿಚ್ಚಿ ತೆಗೆಯಬೇಕೆಂಬ ಆದೇಶ ಆಗಲೇ ಬಂದಿತ್ತು. ಆಮೇಲೆ ತಾಳವಾಡಿಗೆ ಉಳಿಯುವುದು ಆ ಪೆಟ್ಟಿಗೆ ಒಂದೇ.

ಓಸ್ಲೊ

ಜೊತೆಗಿದ್ದವರು, ತಾಳವಾಡಿ ಸೇರಿದ ಮದರಾಸು ಕಚೇರಿಯ ನನ್ನ ಮೇಲಧಿಕಾರಿ ಶ್ರೀನಿವಾಸನ್ ಸಾರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾವು ಹಿಂತಿರುಗಬೇಕಿದ್ದ ವಾರದಲ್ಲೇ ಅವರ ಮಗಳ ಮದುವೆ. ವಿಮಾನದಲ್ಲಿ ಅವರು ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆದರು, ನಾನು ಪರೀಕ್ಷೆಗಳ ಪಟ್ಟಿ ಓದಿದೆ. ಇಬ್ಬರಿಗೂ ಮಾತು ಬೇಕಿರಲಿಲ್ಲ.

ಓಸ್ಲೊ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಬಟ್ಟೆ ಪೆಟ್ಟಿಗೆ ತೆರೆಸಿದ. ಅವ್ವ ಕಟ್ಟಿಕೊಟ್ಟ ಹುರಿಹಿಟ್ಟು ಕೈಗೆ ಸಿಕ್ಕಿತು. ಎರಡು ಸೇರು ಕಂದು ಪುಡಿ, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿದದ್ದು. ಇದೇನು ಎಂದ. ರಾಗಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದ ಮಾತನ್ನು ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಚಿಟಿಕೆ ತೆಗೆದು ನನ್ನ ಬಾಯಿಗೆ ಹಾಕಿಕೊಂಡೆ. ಅವನು ಸ್ವಲ್ಪ ಯೋಚಿಸಿ, ತಾನೂ ಒಂದು ಚಿಟಿಕೆ ಹಾಕಿಕೊಂಡ. ಒಣ ಹಿಟ್ಟು ಗಂಟಲಿಗೆ ಹೋಗಿ ಕೆಮ್ಮಿದ. ಮತ್ತೊಬ್ಬನನ್ನು ಕರೆದ. ಅವನೂ ಕೆಮ್ಮಿದ. ಸಾರ್ ಹತ್ತು ಹೆಜ್ಜೆ ದೂರದಲ್ಲಿ, ನನಗೂ ತಮಗೂ ಸಂಬಂಧವಿಲ್ಲದವರ ಹಾಗೆ ಗಡಿಯಾರ ನೋಡುತ್ತ ನಿಂತಿದ್ದರು. ಹಿಟ್ಟು ನನ್ನ ಕೈಗೆ ವಾಪಸು ಬಂತು. ಮೂರು ವಾರ ಅದು ನನ್ನನ್ನು ಕಾಪಾಡಿತು.

ಮೊದಲ ವಾರ

ಕಾರ್ಖಾನೆ ಇದ್ದ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಗೆಗೆ ಹತ್ತಲಿಲ್ಲ. ಬಸ್ ಕಂಡಕ್ಟರಿಗೆ ಕಾಗದದಲ್ಲಿ ಬರೆದು ತೋರಿಸುತ್ತಿದ್ದೆ.

ಅಲ್ಲಿ ಜನ ಮನೆ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ಇಷ್ಟು ದೂರ ಬಂದು ನೆಮ್ಮದಿ ಕೊಟ್ಟ ಮೊದಲ ಸಂಗತಿ ಅದು. ಎರಡನೆಯದು, ಯಾರೂ ನನ್ನನ್ನು ಮಾತನಾಡಿಸದಿದ್ದದ್ದು. ಬಸ್ಸಿನಲ್ಲಿ ಒಂದೊಂದು ಸೀಟಿಗೆ ಒಬ್ಬೊಬ್ಬರು ಕಿಟಕಿಯ ಕಡೆ ಕೂರುತ್ತಾರೆ. ಪಕ್ಕದ ಜಾಗ ಖಾಲಿ ಇದ್ದರೂ ಹೊಸಬರು ನಿಂತೇ ಹೋಗುತ್ತಾರೆ. ಚಾಮರಾಜನಗರದ ಬಸ್ಸಿನಲ್ಲಿ ಸೀರೆ ಎಲ್ಲಿ ಕೊಂಡದ್ದು, ಮದುವೆ ಯಾಕೆ ಆಗಿಲ್ಲ, ಸಂಬಳ ಎಷ್ಟು ಎಂಬುದೆಲ್ಲ ಊರು ದಾಟುವ ಮೊದಲೇ ಇತ್ಯರ್ಥವಾಗಬೇಕು. ಇಲ್ಲಿ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಗಂಡಸರ ಉಣ್ಣೆ ಕಾಲುಚೀಲ ಹಾಕಿಕೊಂಡು ಓಡಾಡಿದರೂ ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಆ ದೇಶ ಹಿಡಿಸಿತು.

ಊಟ ಬೆಳಿಗ್ಗೆ ಹನ್ನೊಂದಕ್ಕೆ. ಪ್ರತಿಯೊಬ್ಬರೂ ಮನೆಯಿಂದ ಬ್ರೆಡ್ಡಿನ ಚೂರುಗಳನ್ನು, ಚೂರಿಗೂ ಚೂರಿಗೂ ನಡುವೆ ತೆಳು ಕಾಗದವಿಟ್ಟು ಸುತ್ತಿ ತರುತ್ತಾರೆ. ಕಾರ್ಖಾನೆಯ ಮುಖ್ಯಸ್ಥರೂ ಅದನ್ನೇ ತಿನ್ನುತ್ತಾರೆ, ಕಸ ಗುಡಿಸುವಾಕೆಯ ಎದುರಿಗೆ ಕೂತು. ತಿಂದು ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಡುತ್ತಾರೆ, ನಾಳೆಗೆ. ಕಂದು ಬಣ್ಣದ ಒಂದು ಗಿಣ್ಣಿನಂಥದ್ದನ್ನು ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮುಚ್ಚಿ ತಿಂದರೆ ತಳ ಹಿಡಿದ ಹಾಲುಕೋವಾ. ಸಾರ್ ಅದನ್ನು ಮುಟ್ಟಲಿಲ್ಲ. ನಾನು ದಿನಕ್ಕೆ ಎರಡು ಚೂರು ತಿಂದೆ.

ನಮ್ಮ ಜೊತೆ ಪರೀಕ್ಷೆಗೆ ನಿಂತವನು ಓಲಾವ್, ಅಲ್ಲಿನ ಎಂಜಿನಿಯರು, ನನ್ನಷ್ಟೇ ವಯಸ್ಸು. ಎರಡನೆಯ ದಿನ ಒಂದು ಪೆಟ್ಟಿಗೆಯನ್ನು ಬಿಸಿ ಕೋಣೆಯಲ್ಲಿಟ್ಟು ನಾಲ್ಕು ಗಂಟೆ ಓಡಿಸುವ ಪರೀಕ್ಷೆ ನಡೆದಿತ್ತು. ಮೂರು ಗಂಟೆ ಕಳೆದ ಮೇಲೆ ನಾನು ಮೀಟರು ನೋಡಿ ಅಂಕಿ ಓದಿದೆ. ಓಲಾವ್ ಬಾಯಿ ತೆರೆದು, ಹಾವು ಕಂಡವನ ಹಾಗೆ, ಉಸಿರನ್ನು ಒಳಕ್ಕೆ ಎಳೆದುಕೊಂಡ. ನಾನು ತಕ್ಷಣ ಕರೆಂಟು ಕಿತ್ತೆ. ಪೆಟ್ಟಿಗೆ ನಿಂತಿತು. ಯಾಕೆ ನಿಲ್ಲಿಸಿದೆ ಎಂದು ಅವನು ಕೇಳಿದ. ನೀನು ಯಾಕೆ ಹೆದರಿದೆ ಎಂದು ನಾನು ಕೇಳಿದೆ. ಅವನು ಹೆದರಿರಲಿಲ್ಲ. ಆ ಸೀಮೆಯಲ್ಲಿ "ಹೌದು" ಎನ್ನುವುದೇ ಹಾಗೆ, ಉಸಿರು ಒಳಗೆಳೆದು. ನಾಲ್ಕು ಗಂಟೆಯ ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಸಾರ್ ಕನ್ನಡಕ ತೆಗೆದು ಒರೆಸಿದರು. ಅವರ ಜೊತೆ ಕೆಲಸ ಮಾಡಿದವರಿಗೆ ಅದರ ಅರ್ಥ ಗೊತ್ತು.

ಎರಡನೆಯ ಗುರುವಾರ

ಎರಡನೆಯ ವಾರದ ಗುರುವಾರಕ್ಕೆ ಪಟ್ಟಿಯ ಎಲ್ಲ ಪರೀಕ್ಷೆಗಳೂ ಮುಗಿದವು. ಇಪ್ಪತ್ತೂ ಪೆಟ್ಟಿಗೆ ತೇರ್ಗಡೆ. ಮಾರನೆಯ ದಿನ ಮಧ್ಯಾಹ್ನ ನಮ್ಮ ವಿಮಾನ.

ಕಡೆಯ ಪರೀಕ್ಷೆ ಬಹಳ ಸರಳವಾದದ್ದು. ಈ ಪೆಟ್ಟಿಗೆಗಳು ಇಪ್ಪತ್ತನಾಲ್ಕು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತವೆ. ಊರಿನ ಕರೆಂಟು ಇದ್ದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಕರೆಂಟು ಹೋಗಿ ಬ್ಯಾಟರಿ ಇಪ್ಪತ್ತೊಂದಕ್ಕೆ ಇಳಿದರೆ, ಅದು ಪೂರ್ತಿ ಹಾಳಾಗದಿರಲಿ ಎಂದು ಪೆಟ್ಟಿಗೆ ತಾನೇ ಆರಿಹೋಗಬೇಕು. ಓಲಾವ್ ಮೇಜಿನ ಮೇಲಿನ ಕರೆಂಟು ಯಂತ್ರದ ಗುಂಡಿಯನ್ನು ನಿಧಾನವಾಗಿ ತಿರುಗಿಸಿದ. ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತೊಂದು. ಪೆಟ್ಟಿಗೆ ಆರಿತು. ಮೀಟರಿನ ಮುಳ್ಳು ಇಪ್ಪತ್ತೊಂದರಲ್ಲೇ ಕದಲದೆ ನಿಂತಿತು. ಸಾರ್ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅವರ ಸಹಿಯ ಕೆಳಗೆ ನನ್ನ ಸಹಿಗೆ ಬಿಟ್ಟ ಗೆರೆ.

ನಾನು ಆ ಮುಳ್ಳನ್ನೇ ನೋಡುತ್ತಿದ್ದೆ. ಅದು ಕದಲದೆ ನಿಂತದ್ದು ನನಗೆ ಸರಿಬರಲಿಲ್ಲ.

ಅಪ್ಪ ರಾಗಿ ಹೊಲಕ್ಕೆ ಹಂದಿ ಬಾರದಂತೆ ಕಾವಲಿಗೆ ಹೋಗುವವರು. ಟಾರ್ಚು ಮಂಕಾದರೆ ಸೆಲ್ಲು ಬಿಚ್ಚಿ ಬೆಳಿಗ್ಗೆ ಹೆಂಚಿನ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಾರೆ. ಸತ್ತ ಸೆಲ್ಲಿಗೆ ಯಾಕೆ ಬಿಸಿಲು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಸತ್ತಿಲ್ಲ ಕಣ್ಮಗ, ದಣ್ದದೆ. ಒಸಿ ಸುಮ್ನೆ ಬುಟ್ರೆ ತಿರ್ಗ ಉಸ್ರು ಬತ್ತದೆ" ಎಂದಿದ್ದರು. ಸಂಜೆ ಟಾರ್ಚು ಹತ್ತುತ್ತಿತ್ತು. ಹತ್ತು ನಿಮಿಷಕ್ಕೆ ಮತ್ತೆ ಮಂಕು.

ಮೇಜಿನ ಮೇಲಿನ ಯಂತ್ರ ದಣಿಯುವುದಿಲ್ಲ, ಹಾಗಾಗಿ ಅದಕ್ಕೆ ಉಸಿರು ತಿರುಗುವುದೂ ಇಲ್ಲ. ನಿಜವಾದ ಬ್ಯಾಟರಿ ಹಾಗಲ್ಲ. ಪೆಟ್ಟಿಗೆ ಆರಿದ ಕೂಡಲೇ ಭಾರ ಇಳಿದು ಅದರ ವೋಲ್ಟು ಮೇಲೇರುತ್ತದೆ. ಏರಿದರೆ ಪೆಟ್ಟಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ವೋಲ್ಟು ಮತ್ತೆ ಬೀಳುತ್ತದೆ. ಹೊತ್ತಿದಾಗಲೆಲ್ಲ ಅದು ಆಚೆ ತುದಿಯ ಎಕ್ಸ್‌ಚೇಂಜನ್ನು ಕರೆಯುತ್ತದೆ. ಅಲ್ಲಿನವರಿಗೆ ತಾಳವಾಡಿ ಯಾವಾಗಲೂ ಮಾತಿನಲ್ಲಿದೆ ಎಂದು ತೋರುತ್ತದೆ. ಫೋನು ಕೆಟ್ಟಿದೆ ಎಂಬುದೂ ಯಾರಿಗೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿಗೆ ಇದು ಬರಲಿದೆ, ಮತ್ತು ತಂತಿ ಇರುವುದಿಲ್ಲ.

ಇದನ್ನು ಸಾರ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ನೀನು ಹೇಳುವುದು ಸರಿ ಇರಬಹುದಮ್ಮ. ಆದರೆ ಅದು ಟೆಂಡರಿನಲ್ಲಿ ಇಲ್ಲ. ಇಲ್ಲದ ಪರೀಕ್ಷೆಯನ್ನು ನಾವು ಕೇಳುವ ಹಾಗಿಲ್ಲ."

"ಮಾಡದಿದ್ದರೆ ನಾನು ಸಹಿ ಹಾಕುವುದಿಲ್ಲ ಸಾರ್."

"ಮೂರು ವರ್ಷದ ಸರ್ವಿಸು ನಿನ್ನದು."

"ಹೌದು ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. ತಾವು ನಾಳೆ ಹೊರಡಲೇಬೇಕು, ಸಹಿ ಹಾಕದೆ ಉಳಿಯುವುದು ನಿನ್ನ ಸ್ವಂತ ತೀರ್ಮಾನ ಎಂದು ಬರೆದುಕೊಡು ಎಂದರು. ಮೂರು ಸಾಲು ಬರೆದುಕೊಟ್ಟೆ. ನನ್ನ ಪರೀಕ್ಷೆಯಲ್ಲಿ ಪೆಟ್ಟಿಗೆ ಸರಿಯಾಗಿಯೇ ನಡೆದುಬಿಟ್ಟರೆ, ಕಾರಣವಿಲ್ಲದೆ ಸರ್ಕಾರದ ಸಾಮಾನು ತಡೆದವಳು ಎಂದು ನನ್ನ ಫೈಲಿನಲ್ಲಿ ಉಳಿಯುತ್ತದೆ. ಅದು ನನಗೆ ಗೊತ್ತಿತ್ತು.

ಶುಕ್ರವಾರ

ಬೆಳಿಗ್ಗೆ ಓಲಾವ್‌ಗೆ ದಣಿದ ಬ್ಯಾಟರಿ ಬೇಕೆಂದೆ. ಅವನಿಗೆ ನನ್ನ ಇಂಗ್ಲಿಷಿನ ಮೇಲೆ ಅನುಮಾನ ಬಂತು. ಚಿತ್ರ ಬರೆದು ತೋರಿಸಿದೆ. ಐದು ನಿಮಿಷ ಆ ಚಿತ್ರವನ್ನೇ ನೋಡಿದ. ಆಮೇಲೆ ಉಸಿರನ್ನು ಒಳಗೆಳೆದು ಹೌದು ಎಂದ.

ಆದರೆ ಕಾರ್ಖಾನೆಯಲ್ಲಿ ದಣಿದ ಬ್ಯಾಟರಿ ಇರಲಿಲ್ಲ. ಎಲ್ಲವೂ ಹೊಸವು. ಮುಪ್ಪಾಗುವ ಮೊದಲೇ ಬದಲಾಯಿಸಬೇಕೆಂಬುದು ಅಲ್ಲಿನ ನಿಯಮ. ಊರಿನ ಎರಡು ಮೋಟಾರು ಗ್ಯಾರೇಜುಗಳಿಗೆ ಹೋದೆವು. ಹಳೆಯದನ್ನು ವಾರಕ್ಕೊಮ್ಮೆ ಲಾರಿ ಬಂದು ಕೊಂಡೊಯ್ಯುತ್ತದೆ, ನಿನ್ನೆಯೇ ಬಂದಿತ್ತು ಎಂದರು. ಗ್ಯಾರೇಜಿನವನು ನನ್ನ ಮೇಲಿನ ಕನಿಕರದಿಂದ ಹೊಸ ಬ್ಯಾಟರಿಯನ್ನೇ ಎರವಲು ಕೊಡುತ್ತೇನೆ ಎಂದ. ನಾನು ಬೇಡವೆಂದದ್ದು ಅವನಿಗೆ ಅರ್ಥವಾಗಲಿಲ್ಲ. ತಾಳವಾಡಿಯ ಯಾವ ಸೈಕಲ್ ಶಾಪಿನ ಹಿಂದಾದರೂ ಹತ್ತು ಸಿಗುತ್ತಿದ್ದವು. ನಮ್ಮಲ್ಲಿ ಯಥೇಚ್ಛವಾಗಿರುವ ಒಂದು ವಸ್ತು ಆ ಶ್ರೀಮಂತ ದೇಶದಲ್ಲಿ ಇಲ್ಲದ್ದನ್ನು ಅಂದು ಕಂಡೆ.

ಮಧ್ಯಾಹ್ನ ಸಾರ್ ಟ್ಯಾಕ್ಸಿ ಹತ್ತಿದರು. ಜಾಗ್ರತೆ ಎಂದಷ್ಟೇ ಹೇಳಿದರು.

ಶನಿವಾರ, ಓಲಾವ್‌ನ ದೊಡ್ಡಪ್ಪನ ಮನೆ

ಓಲಾವ್‌ನ ದೊಡ್ಡಪ್ಪ ಬೆಟ್ಟದ ಮೇಲೆ ಕುರಿ ಸಾಕುತ್ತಾರೆ, ಏನನ್ನೂ ಎಸೆಯುವುದಿಲ್ಲ ಎಂದು ಓಲಾವ್ ಹೇಳಿದ. ಸ್ವಲ್ಪ ನಾಚಿಕೆಯಿಂದಲೇ ಹೇಳಿದ. ಅವನ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹುಲ್ಲನ್ನು ಬಟ್ಟೆಯ ಹಾಗೆ ಬೇಲಿಯ ತಂತಿಗಳ ಮೇಲೆ ಒಣಗಲು ನೇತುಹಾಕಿದ್ದರು. ಬಿಸಿಲು ಅಷ್ಟು ಕಡಿಮೆ. ನಮ್ಮಲ್ಲಿ ನೆಲಕ್ಕೆ ಹರಡಿದರೆ ಎರಡು ದಿನಕ್ಕೆ ಗರಿಗರಿ.

ದೊಡ್ಡಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಎಪ್ಪತ್ತು ದಾಟಿದ, ಮೊಣಕೈಗೆ ತೇಪೆ ಹಾಕಿದ ಅಂಗಿಯ ಮನುಷ್ಯ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದನ್ನು ನೋಡಿ ತಲೆಯಾಡಿಸಿದರು. ಓಲಾವ್ ವಿಷಯ ತಿಳಿಸಿದ. ಅವರು ನನ್ನನ್ನು ಅಡುಗೆಮನೆಗೆ ಕರೆದೊಯ್ದು ಸೌದೆ ಒಲೆಯ ಪಕ್ಕ ಬೆರಳು ತೋರಿಸಿದರು. ಅಲ್ಲಿ ಗೋಣಿಯ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ ಕೂತಿತ್ತು. ಚಳಿಗೆ ಸೋತದ್ದನ್ನು ಒಳಗೆ ತಂದು ಬೆಚ್ಚಗಿಟ್ಟರೆ ಒಂದು ಸಲ ಟ್ರ್ಯಾಕ್ಟರು ಹೊರಡುತ್ತದಂತೆ. ಮೂರು ವಾರದ ಆ ಪ್ರವಾಸದಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಅಲ್ಲಿ, ಆ ಒಲೆಯ ಮುಂದೆ. ಯಾಕೆ ನಕ್ಕೆನೆಂದು ಓಲಾವ್‌ಗೆ ಹೇಳಿದೆ. ಅವನು ದೊಡ್ಡಪ್ಪನಿಗೆ ಹೇಳಿದ. ಅವರು ನಗಲಿಲ್ಲ. ನನ್ನ ಅಪ್ಪ ಎಷ್ಟು ಹೊತ್ತು ಬಿಸಿಲಿಗಿಡುತ್ತಾರೆ ಎಂದು ಕೇಳಿದರು.

ಒಂದು ಬ್ಯಾಟರಿ ಹನ್ನೆರಡು ವೋಲ್ಟು. ನಮಗೆ ಎರಡು ಬೇಕು. ಎರಡನೆಯದು ಕುರಿ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿತು. ಆಲೂಗಡ್ಡೆ ಕೀಳುವುದರೊಳಗೆ ಎರಡೂ ವಾಪಸು ಬರಬೇಕು ಎಂದು ಕಟ್ಟಪ್ಪಣೆ ಮಾಡಿ ಕೊಟ್ಟರು.

ಸೋಮವಾರ

ಬೆಳಿಗ್ಗೆ ಪರೀಕ್ಷಾ ಕೊಠಡಿಗೆ ಹೋದಾಗ, ಶನಿವಾರ ಸಂಜೆಯೇ ತಂದಿಟ್ಟಿದ್ದ ಬ್ಯಾಟರಿಗಳು ಮೇಜಿನ ಮೇಲೆ ಥಳಥಳ ಹೊಳೆಯುತ್ತಿದ್ದವು. ಸಾಮಾನು ಕೋಣೆಯ ಮುದುಕ ಭಾನುವಾರ ಬಂದು, ಪರದೇಶದ ಹೆಂಗಸಿನ ಕೆಲಸ ಎಂದು ಅವುಗಳ ಧೂಳು ತೊಳೆದು, ನೀರು ತುಂಬಿಸಿ, ಇಡೀ ದಿನ ಚಾರ್ಜು ಮಾಡಿದ್ದ. ದಣಿವು ಪೂರ್ತಿ ಆರಿತ್ತು. ಅಂಥ ಅಚ್ಚುಕಟ್ಟು ಜನ ಮಾತ್ರ ಮಾಡಬಹುದಾದ ತಪ್ಪು ಅದು. ಅವನಿಗೆ ವಂದನೆ ಹೇಳಿದೆ. ಅವನು ಹೋದ ಮೇಲೆ ಓಲಾವ್ ತನ್ನ ಕಾರಿನ ಎರಡು ದೀಪಗಳನ್ನು ಕಳಚಿ ತಂದ. ಅವನ್ನು ಬ್ಯಾಟರಿಗೆ ಸಿಕ್ಕಿಸಿ ಖಾಲಿ ಮಾಡಲು ಮಧ್ಯಾಹ್ನ ಎರಡಾಯಿತು.

ಸಾಲಿನಲ್ಲಿ ಕೈಗೆ ಮೊದಲು ಸಿಕ್ಕಿದ ಪೆಟ್ಟಿಗೆಗೆ ಜೋಡಿಸಿದೆವು. ಹೊತ್ತಿತು. ಮುಳ್ಳು ಇಳಿಯತೊಡಗಿತು. ಇಪ್ಪತ್ತೊಂದಕ್ಕೆ ಪೆಟ್ಟಿಗೆ ಆರಿತು. ಮುಳ್ಳು ನಿಲ್ಲಲಿಲ್ಲ. ಮೆಲ್ಲಗೆ ಇಪ್ಪತ್ತೆರಡರ ಆಚೆಗೆ ಏರಿತು. ಒಳಗೆ ಟಕ್ ಎಂದಿತು, ಹೊತ್ತಿತು. ಟಕ್, ಆರಿತು. ಟಕ್, ಹೊತ್ತಿತು. ನಿಮಿಷಕ್ಕೆ ಹನ್ನೊಂದು ಸಲ. ಕೋಳಿ ಕಾಳು ಕುಕ್ಕಿದ ಹಾಗೆ.

ಓಲಾವ್ ಹೋಗಿ ಮುಖ್ಯಸ್ಥರನ್ನು ಕರೆತಂದ. ಅವರು ಸ್ಟೂಲು ಎಳೆದು ಕೂತು ಕಾಲು ಗಂಟೆ ಆ ಟಕ್ ಟಕ್ ಕೇಳಿದರು. ಟೆಂಡರಿನಲ್ಲಿ ಇದು ಇಲ್ಲವೆಂದು ಅವರು ಹೇಳುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಒಂದೇ: ಯಾವ ವೋಲ್ಟಿಗೆ ಮತ್ತೆ ಹೊತ್ತಿಕೊಳ್ಳಬೇಕು? ಇಪ್ಪತ್ತೈದು ಎಂದೆ. ಊರಿಗೆ ಕರೆಂಟು ಬಂದು ಚಾರ್ಜು ಆಗತೊಡಗಿದರೆ ಮಾತ್ರ ಮುಟ್ಟುವ ಅಂಕಿ ಅದು. ಅವರು ಅದನ್ನು ಕೈ ಮೇಲೆ ಬರೆದುಕೊಂಡು ಹೋದರು. ತಪ್ಪು ಯಾರದೆಂದು ಆ ಕಾರ್ಖಾನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಕಚೇರಿಯಲ್ಲಾದರೆ ಮೊದಲ ಎರಡು ವಾರ ಅದಕ್ಕೇ ಬೇಕು.

ಪ್ರತಿ ಪೆಟ್ಟಿಗೆಯೊಳಗಿನ ಒಂದು ಸರ್ಕ್ಯೂಟ್ ಕಾರ್ಡಿನಲ್ಲಿ ಎರಡು ಸಣ್ಣ ಬಿಡಿಭಾಗ ಬದಲಾಯಿಸಿದರೆ ಸಾಕಾಯಿತು. ಬದಲಾಯಿಸಿದ ಒಂದು ಪೆಟ್ಟಿಗೆ ಪರೀಕ್ಷಿಸಿದರೆ ಸಾಲದೇ ಎಂದು ಓಲಾವ್ ಕೇಳಿದ. ಇಪ್ಪತ್ತೂ ಬೇಕು ಎಂದೆ. ಬ್ಯಾಟರಿಗಳನ್ನು ತುಂಬಿಸಿ, ದಣಿಸಿ, ಮತ್ತೆ ತುಂಬಿಸಿ, ದಣಿಸಿ, ಶುಕ್ರವಾರ ಸಂಜೆಯವರೆಗೆ ಅದೇ ಕೆಲಸ. ಪ್ರತಿ ಪೆಟ್ಟಿಗೆಯೂ ಒಂದೇ ಸಲ ಆರಿತು, ಆರಿಯೇ ಇತ್ತು. ಹೊಸ ಹಾಳೆಯಲ್ಲಿ ಸಹಿಗೆ ಎರಡು ಗೆರೆ. ನಾನು ಕೆಳಗಿನದರಲ್ಲಿ ಹಾಕಿದೆ. ಮೇಲಿನದನ್ನು ಖಾಲಿ ಬಿಟ್ಟೆ. ಬ್ಯಾಟರಿಗಳು ಆಲೂಗಡ್ಡೆಗೆ ಮೊದಲೇ ದೊಡ್ಡಪ್ಪನ ಮನೆ ತಲುಪಿದವು.

ಮದರಾಸು

ಮದುವೆಯ ಅರಿಸಿನ ಸಾರ್ ಕೈಯಲ್ಲಿ ಇನ್ನೂ ಮಾಸಿರಲಿಲ್ಲ. ಹಾಳೆಗಳನ್ನು ಅವರ ಮುಂದಿಟ್ಟು ನಿಂತೆ. ಕೂರು ಎನ್ನಲಿಲ್ಲ. ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು ಅರ್ಧ ಗಂಟೆ ಓದಿದರು. ಫ್ಯಾನಿಗೆ ಹಾಳೆ ಹಾರದಂತೆ ಪೇಪರ್‌ವೇಟು ಇಟ್ಟು, ಒಂದು ಸಾಲಿನ ಮೇಲೆ ನಿಂತರು.

"'ಹಳೆಯ ಟ್ರ್ಯಾಕ್ಟರ್ ಬ್ಯಾಟರಿ' ಎಂದು ಬರೆದಿದ್ದೀಯ. ಮೇಲಿನವರು ಓದುವ ವರದಿ ಇದು."

"ಅದೇ ಆಗಿತ್ತು ಸಾರ್."

"ಎಷ್ಟು ಹಳೆಯದು?"

"ಒಂದು ಏಳು ವರ್ಷ. ಇನ್ನೊಂದರ ವಯಸ್ಸು ಯಾರಿಗೂ ಗೊತ್ತಿರಲಿಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು. ಆ ಸಾಲನ್ನು ಹೊಡೆದುಹಾಕುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಮುಂದಿನ ಎಲ್ಲ ಟೆಂಡರುಗಳಿಗೂ ಈ ಪರೀಕ್ಷೆಯನ್ನು ಸೇರಿಸತಕ್ಕದ್ದು ಎಂದು ಬರೆದು, ಮೇಲಿನ ಗೆರೆಯಲ್ಲಿ ಸಹಿ ಹಾಕಿದರು. ನಾನು ಬರೆದುಕೊಟ್ಟಿದ್ದ ಮೂರು ಸಾಲಿನ ಕಾಗದವನ್ನು ಡ್ರಾಯರಿನಿಂದ ತೆಗೆದು ನನ್ನ ಕಡೆ ತಳ್ಳಿದರು.

ಆಮೇಲೆ ಹಂಚಿಕೆಯ ಪಟ್ಟಿ ಎಳೆದುಕೊಂಡು, ಯಾವ ಪೆಟ್ಟಿಗೆ ಯಾವ ಊರಿಗೆ ಎಂದು ನಮೂದಿಸತೊಡಗಿದರು. ತಾಳವಾಡಿಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ನಾನು ಒಂದು ಸಂಖ್ಯೆ ಹೇಳಿದೆ. ಸೋಮವಾರ ಟಕ್ ಟಕ್ ಎಂದು ಸೋತು, ಆಮೇಲೆ ಸರಿಹೋದದ್ದು ಆ ಪೆಟ್ಟಿಗೆಯೇ. ಅದು ಹೇಗೆ ಕೆಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ.